ಕಿರಿಯ ಮುಗುಳಿಯಿಂದ ಚಿಕ್ಕಮಗಳೂರಿಗೆ: ಒಬ್ಬ ಮೇಷ್ಟ್ರ ತಿದ್ದುಪಡಿ

ಕಳೆದ ಡಿಸೆಂಬರಿನಲ್ಲಿ ಧಾರವಾಡದಿಂದ ನಮ್ಮ ಬೀಗರು ಮಲ್ಲಂದೂರಿಗೆ ಬಂದಿದ್ದರು. ಅದು ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿತ್ತು. ಬೀಗರೆಂದರೆ ಸುಮ್ಮನೆ ಊಟ ಹಾಕಿ ಕಳುಹಿಸುವಂತಿಲ್ಲವಷ್ಟೆ. ಮುಳ್ಳಯ್ಯನಗಿರಿಯನ್ನು ತೋರಿಸೋಣವೆಂದು ಪೇಟೆಗೆ ಬಂದು ಒಂದು ಜೀಪನ್ನು ಗೊತ್ತುಮಾಡಿದೆನು. ಚಾಲಕನು ನನ್ನನ್ನು ಕಂಡೊಡನೆ ಇಳಿದು ಬಂದು, "ಸಾರ್, ಗುರುತು ಸಿಕ್ತಾ?" ಎಂದನು. ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗ. ಈಗ ಅವನ ತಲೆಯಲ್ಲಿಯೂ ಅಲ್ಲಲ್ಲಿ ಬಿಳಿಗೂದಲು.

ದಾರಿಯಲ್ಲಿ ಬೀಗರು ಊರಿನ ಹೆಸರಿನ ಅರ್ಥವನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಉತ್ತರವನ್ನು ಕೊಟ್ಟನು. ಸಕ್ಕರೆಪಟ್ಟಣದ ದೊರೆ ರುಕ್ಮಾಂಗದನಿಗೆ ಇಬ್ಬರು ಹೆಣ್ಣುಮಕ್ಕಳು; ಹಿರಿಯಳಿಗೆ ಬಳುವಳಿಯಾಗಿ ಕೊಟ್ಟದ್ದು ಹಿರೇಮಗಳೂರು, ಕಿರಿಯಳಿಗೆ ಕೊಟ್ಟದ್ದು ಚಿಕ್ಕಮಗಳೂರು. "ಹೀಗೆ ಒಂದು ಮದುವೆಯ ಉಡುಗೊರೆ ಒಂದು ಜಿಲ್ಲೆಯ ಕೇಂದ್ರವಾಯಿತು" ಎಂದು ಮುಗಿಸಿದನು. ಬೀಗರು ಬಹಳ ಸಂತೋಷಪಟ್ಟರು. ನಾನು ಮಾತ್ರ ಸುಮ್ಮನಾದೆನು. ಏಕೆಂದರೆ ಆ ಕೊನೆಯ ವಾಕ್ಯ ನನ್ನದು. ತರಗತಿಯಲ್ಲಿ ವರ್ಷವರ್ಷವೂ ಅದೇ ಶಬ್ದಗಳಲ್ಲಿ, ಅದೇ ಏರಿಳಿತದಲ್ಲಿ ನಾನು ಹೇಳುತ್ತಿದ್ದ ವಾಕ್ಯ. ಅದನ್ನು ಕಥೆಯೆಂದು ಹೇಳಲಿಲ್ಲ, ಇತಿಹಾಸವೆಂದೇ ಹೇಳುತ್ತಿದ್ದೆನು. ಇವನು ದಿನಕ್ಕೆ ಎರಡು ಸಲ, ಎಲ್ಲೆಲ್ಲಿಂದಲೋ ಬಂದ ಜನರಿಗೆ ಅದನ್ನೇ ಒಪ್ಪಿಸುತ್ತಿದ್ದಾನೆ. ಕೇಳಿದವರಿಗೆ, "ನಮ್ಮ ಮೇಷ್ಟ್ರು ಹೇಳಿದ್ದು" ಎನ್ನುತ್ತಾನಂತೆ.

ಉತ್ತರಪತ್ರಿಕೆಗಳನ್ನು ತಿದ್ದುತ್ತ ಆಯುಷ್ಯವನ್ನು ಕಳೆದ ನನಗೆ, ತಿದ್ದಬೇಕಾದ ತಪ್ಪು ನನ್ನದೇ ಒಂದಿದೆ ಎಂದು ಆ ಜೀಪಿನಲ್ಲಿ ಕುಳಿತಾಗ ಅನ್ನಿಸಿತು. ಈ ಬರಹ ಆ ತಿದ್ದುಪಡಿ.

ಹೆಸರಿನಿಂದಲೇ ಆರಂಭಿಸುತ್ತೇನೆ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಓದಿಸಿ, ಪ್ರತಿಮಾಡಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅದರ ಆರನೆಯ ಸಂಪುಟ 1901ರಲ್ಲಿ ಬಂದಿತು. ಅದು ಪೂರ್ತಿಯಾಗಿ ಅಂದಿನ ಕಡೂರು ಜಿಲ್ಲೆಗೆ, ಎಂದರೆ ನಮ್ಮ ಜಿಲ್ಲೆಗೇ ಮೀಸಲು. ನಮ್ಮ ಹಳೆಯ ಶಾಸನಗಳಲ್ಲಿ ಈ ಎರಡು ಊರುಗಳ ಹೆಸರು 'ಕಿರಿಯ ಮುಗುಳಿ' ಮತ್ತು 'ಪಿರಿಯ ಮುಗುಳಿ'. ಅಲ್ಲಿ ಮಗಳೂ ಇಲ್ಲ, ಬಳುವಳಿಯೂ ಇಲ್ಲ. ಮುಗುಳಿ ಎಂಬ ಹೆಸರಿನ ಎರಡು ಊರು, ಒಂದು ಚಿಕ್ಕದು, ಒಂದು ದೊಡ್ಡದು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಹಳಗನ್ನಡದ ಪಕಾರವು ನಡುಗನ್ನಡಕ್ಕೆ ಬರುವಾಗ ಹಕಾರವಾಗುತ್ತದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಾಗೆಯೇ ಪಿರಿಯ ಎಂಬುದು ಹಿರಿಯ ಆಗಿ, ಹಿರೇ ಆಯಿತು. ಕಿರಿಯ ಎಂಬುದರ ಜಾಗಕ್ಕೆ ಚಿಕ್ಕ ಎಂಬ ಬಳಕೆಯ ಮಾತು ಬಂದಿತು. ಮುಗುಳಿ ಎಂಬುದು ಬಾಯಿಂದ ಬಾಯಿಗೆ ಸವೆದು ಮಗಳೂರು ಆದ ಮೇಲೆ, ಮಗಳು ಎಂದಮೇಲೆ ತಂದೆ ಬೇಕಲ್ಲ! ಹತ್ತಿರದಲ್ಲಿಯೇ ಸಕ್ಕರೆಪಟ್ಟಣವೂ ಇತ್ತು, ಅಯ್ಯನಕೆರೆಯನ್ನು ಕಟ್ಟಿಸಿದನೆಂದು ಜನ ಹೇಳುವ ರುಕ್ಮಾಂಗದನ ಹೆಸರೂ ಇತ್ತು. ಕಥೆ ಹುಟ್ಟಿಕೊಂಡಿತು ಎಂದು ನಾನು ತಿಳಿಯುತ್ತೇನೆ.

ಆದರೆ ಒಂದು ಮಾತು. ಕಥೆ ಪೂರ್ತಿ ಸುಳ್ಳನ್ನೂ ಹೇಳಿಲ್ಲ. ಇವು ಜೋಡಿ ಊರುಗಳು, ಒಂದು ಹಿರಿಯದು, ಒಂದು ಕಿರಿಯದು ಎಂಬ ನೆನಪನ್ನು ಅದು ಕಾಪಾಡಿಕೊಂಡು ಬಂದಿದೆ. ಶಾಸನವನ್ನು ಓದಲು ಬಾರದ ಜನ ನೂರಾರು ವರ್ಷ ಆ ಸಂಬಂಧವನ್ನು ಮರೆಯದೆ ಉಳಿಸಿದ್ದು ಈ ಕಥೆಯಿಂದಲೇ. ಕಥೆಯನ್ನು ಕಥೆಯೆಂದು ಹೇಳಿ, ಶಾಸನವನ್ನು ಅದರ ಪಕ್ಕದಲ್ಲಿ ಇಟ್ಟಿದ್ದರೆ ಎಷ್ಟು ಒಳ್ಳೆಯ ಪಾಠವಾಗುತ್ತಿತ್ತು! ನಾನು ಅದನ್ನು ಮಾಡಲಿಲ್ಲ.

ಜೀಪು ಸೀತಾಳಯ್ಯನಗಿರಿಯನ್ನು ದಾಟಿ ಮೇಲೇರಿತು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಮುಳ್ಳಪ್ಪಸ್ವಾಮಿ ಎಂಬ ತಪಸ್ವಿಯ ಹೆಸರಿನಿಂದ ಈ ಗಿರಿಗೆ ಹೆಸರು ಬಂದಿತೆಂದು ಪ್ರತೀತಿ. ಮೆಟ್ಟಿಲುಗಳನ್ನು ಹತ್ತಿ ಮೇಲೆ ನಿಂತರೆ ಈ ಸೀಮೆಯ ಭೂಗೋಳವೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಬೆಟ್ಟಸಾಲು ಕುದುರೆಯ ಲಾಳದಂತೆ ಬಾಗಿ ಜಾಗರ ಕಣಿವೆಯನ್ನು ಅಪ್ಪಿಕೊಂಡಿದೆ. ಅರ್ಧಚಂದ್ರನಂತಿರುವುದರಿಂದ ಇದು ಚಂದ್ರದ್ರೋಣ ಪರ್ವತ. ಮೇಲೆ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು, ಕೆಳಗೆ ಕಾಫಿ ತೋಟ, ಅದಕ್ಕೂ ಕೆಳಗೆ ಗದ್ದೆ; ಆ ಸೆರಗಿನ ಅಂಚಿನಲ್ಲಿ ಚಿಕ್ಕಮಗಳೂರು.

ಈ ಹುಲ್ಲನ್ನು ಬೋಳು ಗುಡ್ಡವೆಂದು ತಿಳಿಯುವವರಿದ್ದಾರೆ. ಮಳೆಯ ನೀರನ್ನು ಹಿಡಿದು, ಶೋಲಾದ ಬೇರುಗಳಿಗೆ ಇಳಿಸಿ, ಬೇಸಗೆಯವರೆಗೂ ತೊಟ್ಟು ತೊಟ್ಟಾಗಿ ಬಿಡುವುದು ಈ ಹುಲ್ಲೇ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಯಗಚಿಯು ಬೇಲೂರಿನ ಕಡೆಗೆ ಹರಿದು ಹೇಮಾವತಿಯನ್ನು ಸೇರಿ, ಕಾವೇರಿಯ ಪಾಲಾಗುತ್ತದೆ. ಪೂರ್ವದ ಇಳಿಜಾರಿನ ವೇದಾ ನದಿಯು ಅಯ್ಯನಕೆರೆಯನ್ನೂ ಅವತಿಯು ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಹೊಕ್ಕು, ತುಂಗಭದ್ರೆಯನ್ನು ಸೇರುತ್ತದೆ. ಜಾಗರದ ಹಳ್ಳಗಳು ಭದ್ರೆಗೆ ಇಳಿಯುತ್ತವೆ. ಕಾವೇರಿಯ ನೀರು, ಕೃಷ್ಣೆಯ ನೀರು ಬೇರೆಯಾಗುವುದು ಈ ಬೆನ್ನೇಣಿನ ಮೇಲೆ. 1933ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರವು 2022ರಲ್ಲಿ ಮತ್ತೆ ಕೋಡಿ ಹರಿದಾಗ ಚಿತ್ರದುರ್ಗದ ಜನ ಹಬ್ಬ ಮಾಡಿದರು. ಭದ್ರೆಯಿಂದ ಹರಿಸಿದ ನೀರಿನೊಂದಿಗೆ ನಮ್ಮ ಬೆಟ್ಟದ ಮಳೆಯ ಪಾಲೂ ಆ ಹಬ್ಬದಲ್ಲಿತ್ತು. ಅದೇ 2022ರಲ್ಲಿ ಈ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿತ್ತು. ನೋಡಲು ಬಂದ ವಾಹನಗಳ ಸಾಲನ್ನು ಕಂಡು ನನಗೆ ಸಂತೋಷದ ಜೊತೆಗೆ ಭಯವೂ ಆಯಿತು.

ಶಿಖರದ ಮೇಲೆ ನಿಂತು ಬೀಗರು ಒಂದು ಮಾತನ್ನಾಡಿದರು: "ಏನ್ರೀ ಬೀಗರ, ಗುಡ್ಡಾ ತೋರಿಸಿದ್ರಿ, ಭಾಳ ಛಲೋ ಆತು. ನಿಮ್ಮ ಊರು ಯಾವಾಗ ತೋರಸ್ತೀರಿ?" ನಾನು ಕೆಳಗೆ ನೋಡಿದೆನು. ಬಂದವರೆಲ್ಲ ಊರಿನ ಮೂಲಕ ಹಾದು ಬೆಟ್ಟಕ್ಕೆ ಹೋಗುತ್ತಾರೆ, ಬೆಟ್ಟದಿಂದ ಇಳಿದು ಊರಿನ ಮೂಲಕವೇ ಮರಳುತ್ತಾರೆ. ಊರನ್ನು ಯಾರೂ ನೋಡುವುದಿಲ್ಲ. ನೋಡಿರೆಂದು ನಾವೂ ಹೇಳುವುದಿಲ್ಲ. ಏನು ಹೇಳಬೇಕೆಂದು ನಮಗೇ ತಿಳಿಯದು.

ಹೇಳಲು ಬೇಕಾದಷ್ಟಿದೆ. ಕಾಫಿಯ ವಿಷಯವನ್ನೇ ತೆಗೆದುಕೊಳ್ಳಿ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮೆನ್ ದೇಶದ ಮೋಕಾದಿಂದ ಏಳು ಕಾಫಿಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂದು ನಂಬಿಕೆ. ದತ್ತಾತ್ರೇಯರ ಹೆಸರನ್ನೂ ಬಾಬಾ ಅವರ ಹೆಸರನ್ನೂ ಹೊತ್ತ ಆ ಗುಹೆಗೆ ಎರಡೂ ಸಮುದಾಯದವರು ಹಿಂದಿನಿಂದಲೂ ನಡೆದುಕೊಳ್ಳುತ್ತಾರೆ. ಏಳು ಬೀಜವೆಂಬುದೂ ಹೆಣ್ಣುಮಕ್ಕಳ ಕಥೆಯಂತೆ ಐತಿಹ್ಯವೇ. ಆದರೆ ಐರೋಪ್ಯರು ಬರುವ ಮೊದಲೇ ಈ ಬೆಟ್ಟದ ಜನರ ಹಿತ್ತಲುಗಳಲ್ಲಿ ಕಾಫಿಗಿಡವಿತ್ತೆಂಬುದು ಐತಿಹ್ಯವಲ್ಲ. ತೋಟವೆಂಬ ರೂಪದಲ್ಲಿ ಅದನ್ನು ಬೆಳೆಸತೊಡಗಿದ್ದು 1830ರ ಸುಮಾರಿನಲ್ಲಿ, ಕ್ಯಾನನ್ ಎಂಬ ಆಂಗ್ಲರು, ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ.

ಆಗ ಬೆಳೆಯುತ್ತಿದ್ದ ಹಳೆಯ ಅರೇಬಿಕಾ ತಳಿಗೆ ತೋಟಗಾರರು ಇಟ್ಟಿದ್ದ ಹೆಸರು 'ಚಿಕ್'. ಚಿಕ್ಕಮಗಳೂರು ಎಂಬುದರ ಮೊಟಕು ಅದು. ನಮ್ಮ ಊರಿನ ಹೆಸರು ಒಮ್ಮೆ ಒಂದು ಗಿಡದ ಹೆಸರಾಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ಆ ತಳಿ ಹೆಚ್ಚು ಕಾಲ ಉಳಿಯಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟತೋಟಗಳನ್ನೇ ಒಣಗಿಸಿತು. ಬೆನ್ನಿಗೇ ಎಲೆತುಕ್ಕು ರೋಗ ಬಂದಿತು. ಸಿಂಹಳದಲ್ಲಿ 1869ರಲ್ಲಿ ಮೊದಲು ಗುರುತಿಸಿದ ಇದೇ ರೋಗ ಅಲ್ಲಿನ ಕಾಫಿಯನ್ನು ಮುಗಿಸಿ, ಆ ದ್ವೀಪವನ್ನು ಚಹಾದ ನಾಡಾಗಿ ಮಾಡಿತು. ನಮ್ಮಲ್ಲಿ ಹಾಗಾಗಲಿಲ್ಲ. ಚಿಕ್ ಹೋದಲ್ಲಿ ಕೊಡಗಿನ ತಳಿಯನ್ನು ತಂದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೋಗವನ್ನು ತಡೆದು ನಿಂತ ಗಿಡಗಳನ್ನು ಆಯ್ದು 'ಕೆಂಟ್ಸ್' ಎಂಬ ತಳಿಯನ್ನು ಮಾಡಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರವು ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ನಾವು ಮಕ್ಕಳಿಗೆ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದೆವು. ಅವರ ಮನೆಯ ಹಿಂದಿನ ಗಿಡ ಸೋತು ಗೆದ್ದ ಯುದ್ಧವನ್ನು ಹೇಳಲಿಲ್ಲ.

ನನ್ನ ತಂದೆಯವರು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ನಾನು ಏಳೆಂಟು ವರ್ಷದವನಿದ್ದಾಗ, 1960ರ ದಶಕದ ಕೊನೆಯಲ್ಲಿ, ಕಾಫಿ ಮೂಟೆಗಳ ಲಾರಿಯಲ್ಲಿ ನನ್ನನ್ನೂ ಪೇಟೆಯ ಕ್ಯೂರಿಂಗ್ ವರ್ಕ್ಸಿಗೆ ಕರೆದುಕೊಂಡು ಹೋಗಿದ್ದರು. ಆಗ ಪೂಲ್ ವ್ಯವಸ್ಥೆಯ ಕಾಲ. 1940ರ ದಶಕದ ಯುದ್ಧದ ದಿನಗಳಲ್ಲಿ ಕಾಫಿ ಮಾರುಕಟ್ಟೆ ಕುಸಿದಾಗ ಬಂದ ಏರ್ಪಾಡು ಅದು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು, ಹಣ ಕಂತಿನಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಕೊನೆಗೊಂಡಿತು. ಆ ದಿನ ನಾನು ಕಂಡದ್ದು ಒಂದು ಉದ್ದನೆಯ ಹಜಾರ. ನೆಲದ ಮೇಲೆ ಸಾಲುಸಾಲಾಗಿ ಹೆಂಗಸರು ಕುಳಿತು ಬೀಜಗಳಲ್ಲಿ ಒಡಕು, ಕಪ್ಪುಗಳನ್ನು ಬೆರಳಿನಿಂದ ಆರಿಸುತ್ತಿದ್ದರು. ಒಬ್ಬರೂ ತಲೆಯೆತ್ತಲಿಲ್ಲ. ತಂದೆಯವರು, "ನೋಡು ಮಗು, ದೊರೆಗಳ ಹೆಸರು ಪುಸ್ತಕದಲ್ಲಿ ಇರುತ್ತೆ. ಕೆಲಸ ಮಾಡಿದವರು ಇಲ್ಲಿ ಇರ್ತಾರೆ" ಎಂದರು. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಮೇಸ್ತ್ರಿಯ ಮುಂಗಡವನ್ನು ಪಡೆದು ಬಂದು, ಲೈನ್ ಮನೆಗಳಲ್ಲಿ ಬಾಳಿ, ಈ ಬೆಟ್ಟಗಳನ್ನು ತೋಟ ಮಾಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ನನ್ನ ತಂದೆಯವರ ಮಸ್ಟರ್ ರೋಲಿನಲ್ಲಿ ಇದ್ದವು. ಆ ಪುಸ್ತಕಗಳನ್ನು ಗೆದ್ದಲು ತಿಂದಿತು.

ಕಿರಿಯ ಮುಗುಳಿ ಹಿರಿಯಕ್ಕನನ್ನು ಮೀರಿ ಬೆಳೆದದ್ದು ಹೇಗೆ? ಅದಕ್ಕೂ ಉತ್ತರವಿದೆ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, 1860ರ ದಶಕದಲ್ಲಿ, ಕಡೂರು ಜಿಲ್ಲೆ ಏರ್ಪಟ್ಟಿತು. 1865ರಲ್ಲಿ ಅದರ ಕೇಂದ್ರವು ಕಡೂರಿನಿಂದ ಚಿಕ್ಕಮಗಳೂರಿಗೆ ಬಂದಿತು. ಜಿಲ್ಲೆಯ ಹೆಸರು ಮಾತ್ರ 1947ರವರೆಗೆ ಕಡೂರೆಂದೇ ಉಳಿಯಿತು. ಕಚೇರಿ ಬಂದ ಮೇಲೆ ವಕೀಲರು ಬಂದರು, ಕಾಫಿ ಬೆಳೆದ ಮೇಲೆ ವರ್ತಕರು ಬಂದರು, ಸಂತೆ ದೊಡ್ಡದಾಯಿತು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1,18,000ವನ್ನು ದಾಟಿತ್ತು. ಇಂದು ಹಿರೇಮಗಳೂರು ನಗರದೊಳಗಿನ ಒಂದು ಭಾಗ. ಅಕ್ಕ ತಂಗಿಯ ಮನೆಯಲ್ಲಿದ್ದಾಳೆ!

1978ರ ನವೆಂಬರಿನಲ್ಲಿ ನಾನು ಪೇಟೆಯಲ್ಲಿ ಓದುತ್ತಿದ್ದ ಹುಡುಗ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತರು. ಎದುರಾಳಿ ವೀರೇಂದ್ರ ಪಾಟೀಲರು. ಎಂದೂ ಕಾಣದ ಜನ, ಎಂದೂ ಕೇಳದ ಭಾಷೆ, ದೊಡ್ಡ ಕ್ಯಾಮೆರಾ ಹೊತ್ತ ವಿದೇಶೀಯರು ನಮ್ಮ ಬೀದಿಗಳಲ್ಲಿ ತುಂಬಿದರು. ಇಂದಿರಾ ಅವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆಯು ಅವರ ಸದಸ್ಯತ್ವವನ್ನು ರದ್ದುಮಾಡಿತು. ಬಂದವರೆಲ್ಲ ಹೊರಟುಹೋದರು, ಊರಿಗೆ ಐ.ಜಿ. ರಸ್ತೆ ಎಂಬ ಹೆಸರು ಉಳಿಯಿತು. ಅಷ್ಟು ಪ್ರಸಿದ್ಧವಾದ ಊರಿಗೆ ರೈಲು ಬಂದದ್ದು ಮಾತ್ರ 2013ರ ನವೆಂಬರಿನಲ್ಲಿ, ಕಡೂರಿನಿಂದ. ಮೊದಲ ರೈಲನ್ನು ನೋಡಲು ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆನು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ನಮ್ಮ ಊರು ಚಿಕ್ಕಮಗಳೂರು ಆಯಿತು.

ಇವನ್ನೆಲ್ಲ ಬೀಗರಿಗೆ ಹೇಳುತ್ತ ಬೆಟ್ಟವನ್ನು ಇಳಿದೆವು. ಚಾಲಕನ ಕಿವಿಯೂ ಹಿಂದಕ್ಕೇ ಇತ್ತು. "ಹಿರೇಮಗಳೂರಿಗೆ ಬಿಡಪ್ಪಾ" ಎಂದೆನು.

ಕೋದಂಡರಾಮನ ಗುಡಿಯ ಗರ್ಭಗೃಹ ಹೊಯ್ಸಳರ ಕಾಲದ ಶೈಲಿಯದು, ಮುಂದಿನ ಭಾಗ ಆಮೇಲಿನದು. ಒಳಗೆ ಸೀತೆ ರಾಮನ ಬಲಗಡೆಗೆ ನಿಂತಿದ್ದಾಳೆ, ಲಕ್ಷ್ಮಣ ಎಡಗಡೆಗೆ. ಬೇರೆಡೆ ಕಾಣುವುದಕ್ಕೆ ಇದು ತಿರುವು. ಪರಶುರಾಮರು ವಿವಾಹ ಕಾಲದಲ್ಲಿದ್ದಂತೆಯೇ ದರ್ಶನವಾಗಬೇಕೆಂದು ಬೇಡಿದರೆಂಬುದು ಸ್ಥಳಪುರಾಣ. ಇಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಹಿರೇಮಗಳೂರು ಕಣ್ಣನ್ ಅವರಿಂದ ಇದು ನಾಡಿಗೆಲ್ಲ ತಿಳಿದಿದೆ. ಊರಿನ ಈಶ್ವರ ಗುಡಿಯ ಬಳಿ ಒಂದು ಯೂಪಸ್ತಂಭವಿದೆ. ಜನಮೇಜಯನ ಸರ್ಪಯಾಗದ ಕಂಬವೆಂದು ಜನ ನಂಬುತ್ತಾರೆ. ಬೀಗರು ಕಂಬದ ಮುಂದೆ ಬಹಳ ಹೊತ್ತು ನಿಂತರು. ನಾನೋ, ಬೇಲೂರಿಗೆ, ಹಳೇಬೀಡಿಗೆ ವರ್ಷವೂ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದವನು. ಊರಿನೊಳಗೇ ಇರುವ ಇಲ್ಲಿಗೆ ಒಮ್ಮೆಯೂ ಕರೆತಂದಿರಲಿಲ್ಲ.

ಅಲ್ಲಿಯೇ ನಿಂತು ಆ ಹಳೆಯ ವಿದ್ಯಾರ್ಥಿಗೆ ಕಿರಿಯ ಮುಗುಳಿ, ಪಿರಿಯ ಮುಗುಳಿಗಳ ವಿಷಯವನ್ನು ಹೇಳಿದೆನು. "ನಾನು ನಿನಗೆ ಅರ್ಧ ಪಾಠ ಮಾಡಿದ್ದೆ ಕಣಪ್ಪಾ. ಅದನ್ನ ಕಥೆ ಅಂತ ಹೇಳಬೇಕಾಗಿತ್ತು" ಎಂದೆನು. ಅವನು ಸ್ವಲ್ಪ ಯೋಚಿಸಿ, "ಸಾರ್, ಕಥೆ ಹೇಳಿದ್ರೆ ಜನ ಕೇಳ್ತಾರೆ. ಶಾಸನ ಅಂದ್ರೆ ಫೋನ್ ತೆಗೀತಾರೆ" ಎಂದನು. ಅವನ ಮಾತಿನಲ್ಲಿ ಅನುಭವವಿತ್ತು. ತರಗತಿಯಲ್ಲಿ ನನಗೂ ಅದೇ ಅನುಭವ. ಆದಕಾರಣವೇ ಕಥೆಯನ್ನು ಹೇಳಿ ಗಂಟೆ ಹೊಡೆಯುವುದನ್ನು ಕಾದವನು ನಾನು.

ಆ ಸಂಜೆ ಉಳಿದ ಸಮಯದಲ್ಲಿ ರತ್ನಗಿರಿ ಬೋರೆಯ ಉದ್ಯಾನದಿಂದ ಊರನ್ನು ನೋಡಿದೆವು. ಕಾಫಿ ಮಂಡಳಿಯ ವಸ್ತುಸಂಗ್ರಹಾಲಯವನ್ನು ನೋಡಲು ಹೊತ್ತಾಗಲಿಲ್ಲ, ಮುಂದಿನ ಸಲಕ್ಕೆ ಉಳಿಯಿತು. ನಮ್ಮ ಊರಿಗೆ ಬರುವವರಿಗೆ ನಾನು ಹೇಳುವುದಿಷ್ಟೆ: ಬೆಟ್ಟಕ್ಕೆ ಒಂದು ಬೆಳಗ್ಗೆಯನ್ನು ಕೊಟ್ಟವರು ಊರಿಗೆ ಒಂದು ಮಧ್ಯಾಹ್ನವನ್ನು ಕೊಡಿರಿ. ಕೋಟೆಯ ಬೀದಿಗಳಲ್ಲಿ, ಬಸವನಹಳ್ಳಿಯಲ್ಲಿ, ಹಿರೇಮಗಳೂರಿನಲ್ಲಿ ನಡೆದಾಡಿರಿ.

ಯುಗಾದಿಯ ಹೊತ್ತಿಗೆ ಆ ಹುಡುಗ (ನನಗೆ ಅವನು ಈಗಲೂ ಹುಡುಗನೇ) ಫೋನು ಮಾಡಿದ್ದನು. "ಸಾರ್, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು ಅಂತ ಹೇಳಿದ್ರೆ ಬೆಂಗಳೂರಿನ ಮಕ್ಕಳು ನಗ್ತಾವೆ, ಇನ್ನೊಂದು ಹೇಳಿ ಅಂತಾವೆ. ನಂಗೆ ಮೂರೇ ನೆನಪಿರೋದು. ಇನ್ನೊಂದೆರಡು ಹೇಳಿ ಸಾರ್" ಎಂದನು. ಪಳ್ಳಿ ಹಳ್ಳಿಯಾದದ್ದನ್ನು, ಪಾವು ಹಾವಾದದ್ದನ್ನು, ಪಲ್ಲು ಹಲ್ಲಾದದ್ದನ್ನು ಹೇಳಿದೆನು. ಅವನು ಬರೆದುಕೊಳ್ಳುತ್ತಿದ್ದುದು ಫೋನಿನಲ್ಲಿಯೇ ತಿಳಿಯುತ್ತಿತ್ತು. ತರಗತಿಯಲ್ಲಿ ಅವನು ಟಿಪ್ಪಣಿ ಬರೆದುಕೊಂಡದ್ದು ನನಗೆ ನೆನಪಿಲ್ಲ.

ಅವನೊಬ್ಬನಿಗೆ ತಿದ್ದಿದ್ದಾಯಿತು. ಉಳಿದವರು ಎಲ್ಲೆಲ್ಲಿದ್ದಾರೋ! ನನ್ನ ತರಗತಿಯಲ್ಲಿ ಕುಳಿತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ನೋಟ್‌ಪುಸ್ತಕದಲ್ಲಿ ಚಿಕ್ಕಮಗಳೂರಿನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು 'ಕಿರಿಯ ಮುಗುಳಿ' ಎಂದು ಬರೆದುಕೊಳ್ಳಿರಿ. ಕಥೆಯನ್ನು ಹೊಡೆದುಹಾಕಬೇಡಿರಿ, ಅದೂ ಅಲ್ಲಿಯೇ ಇರಲಿ. ತಪ್ಪು ನಿಮ್ಮದಲ್ಲ, ಆದುದರಿಂದ ಅಂಕವನ್ನು ಕಳೆಯುವುದಿಲ್ಲ.